ಹೆಸರಿಡುವ ಹಕ್ಕು: ಲೊಕ್ಕನಹಳ್ಳಿ ಸೀಮೆಯ ಟಿಬೆಟನ್ ನೆಲೆ ಮತ್ತು ನಾಮಪರಂಪರೆಯ ಪ್ರಶ್ನೆ

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದ ಲೊಕ್ಕನಹಳ್ಳಿ ಸೀಮೆಯಲ್ಲಿ ಜನರ ಹೆಸರುಗಳನ್ನು ಕೇಳುತ್ತ ಹೋದರೆ ಆ ನೆಲದ ದೈವಗಳ ನೆಲೆಗಳೆಲ್ಲ ಒಂದೊಂದಾಗಿ ಗೋಚರಿಸುತ್ತವೆ. ಮಾದ, ಮಾದಪ್ಪ, ಮಾದೇವಮ್ಮ, ಮಹದೇವಸ್ವಾಮಿ ಎಂಬ ಹೆಸರುಗಳು ಮಲೆಯ ಮಹದೇಶ್ವರನನ್ನು ನೆನೆಯುತ್ತವೆ. ರಂಗಸ್ವಾಮಿ, ರಂಗಮ್ಮ ಎಂಬವು ಬಿಳಿಗಿರಿಯ ರಂಗನಾಥನಿಗೆ ಸಲ್ಲುತ್ತವೆ. ಸಿದ್ದರಾಜು, ರಾಚಯ್ಯ ಮೊದಲಾದವು ಮಂಟೇಸ್ವಾಮಿ ಪರಂಪರೆಯ ಸಿದ್ದಪ್ಪಾಜಿ, ರಾಚಪ್ಪಾಜಿಯವರ ಕಡೆಗೆ ಕೈ ತೋರುತ್ತವೆ. ಕಾಡಂಚಿನ ಸೋಲಿಗರಲ್ಲಿ ಜಡೆಯ ಎಂಬ ಹೆಸರು ಜಡೇಸ್ವಾಮಿಯ ಸ್ಮರಣೆ. ಕೊಳ್ಳೇಗಾಲಕ್ಕೆ ಹೋದರೆ ಬಸ್ತೀಪುರವೆಂಬ ಸ್ಥಳನಾಮ ಸಿಗುತ್ತದೆ. ಬಸ್ತಿ ಎಂಬುದು ಬಸದಿಯ ಜನರೂಢಿಯ ರೂಪವೆಂಬುದು ವಿದಿತ. ಹೀಗೆ ಈ ಪ್ರದೇಶದಲ್ಲಿ ಹೆಸರೆಂಬುದು ಕೇವಲ ಕರೆಯುವ ಸಾಧನವಲ್ಲ. ಹರಕೆಯ, ಒಕ್ಕಲುತನದ, ಪರಂಪರೆಯ ಕುರುಹು.

ಇದೇ ಸೀಮೆಯ ಒಡೆಯರಪಾಳ್ಯದ ಬಳಿ ಕಳೆದ ಐದು ದಶಕಗಳಿಂದ ಇನ್ನೊಂದು ನಾಮಸಮೂಹ ಬೇರೂರಿದೆ. ತೆನ್‌ಜಿನ್, ದೋಲ್ಮಾ, ತ್ಸೆರಿಂಗ್, ಪೆಮಾ, ದೋರ್ಜೆ ಎಂಬವು ಅಲ್ಲಿ ಕೇಳಿಬರುವ ಹೆಸರುಗಳು. 1959ರ ಬಳಿಕ ಭಾರತಕ್ಕೆ ಆಶ್ರಯ ಕೋರಿ ಬಂದ ಟಿಬೆಟನ್ನರಿಗೆ ಮೈಸೂರು ರಾಜ್ಯ ಸರ್ಕಾರವು ಬೈಲಕುಪ್ಪೆ, ಮುಂಡಗೋಡು, ಹುಣಸೂರು ಸೀಮೆಗಳಲ್ಲಿ ನೆಲ ಒದಗಿಸಿದ ಮೇಲೆ, 1970ರ ದಶಕದ ಮೊದಲರ್ಧದಲ್ಲಿ ಇಲ್ಲಿಯೂ ಒಂದು ನೆಲೆ ಏರ್ಪಟ್ಟಿತು. ಅದರ ಅಧಿಕೃತ ಹೆಸರು ಧೊಂಡೆನ್‌ಲಿಂಗ್. ‘ಧೊನ್’ ಎಂದರೆ ಅರ್ಥ. ‘ದೆನ್’ ಎಂದರೆ ಉಳ್ಳದ್ದು. ‘ಲಿಂಗ್’ ಎಂದರೆ ದ್ವೀಪ ಅಥವಾ ನೆಲೆ. ಜೈನ ಭೂಗೋಳ ಬಲ್ಲವರಿಗೆ ಈ ಕೊನೆಯ ಪದ ಅಪರಿಚಿತವಲ್ಲ. ಜಂಬೂದ್ವೀಪವನ್ನು ಟಿಬೆಟನ್ನರು ‘ಜಂಬುಲಿಂಗ್’ ಎನ್ನುತ್ತಾರೆ. ಧೊಂಡೆನ್‌ಲಿಂಗ್ ಎಂದರೆ ಅರ್ಥವುಳ್ಳ ನೆಲೆ. ಆದರೆ ಆ ನೆಲೆಯೊಳಗಿನ ಹಳ್ಳಿಗಳು ಆಡಳಿತದ ಅನುಕೂಲಕ್ಕಾಗಿ ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳಿಂದ ಗುರುತಾಗಿವೆ: ಎ ಗ್ರಾಮ, ಬಿ ಗ್ರಾಮ, ಸಿ ಗ್ರಾಮ ಎಂಬಂತೆ. ಸಮಗ್ರಕ್ಕೆ ಅರ್ಥಗರ್ಭಿತ ನಾಮ, ಅಂಗಗಳಿಗೆ ಅರ್ಥರಹಿತ ಅಕ್ಷರ. ಧರ್ಮವು ಕೊಡುವ ಹೆಸರು ಒಂದು, ದಫ್ತರವು ಕೊಡುವ ಗುರುತು ಇನ್ನೊಂದು ಎಂಬ ಭೇದ ಇಲ್ಲಿ ಎದುರೆದುರೇ ನಿಂತಿದೆ. ಈ ಭೇದದ ಚರಿತ್ರೆಯನ್ನು ಅರಿಯಲು ಭಾರತೀಯ ಶ್ರಮಣ ಪರಂಪರೆಗಳು ಹೆಸರನ್ನು ಹೇಗೆ ಕಂಡಿವೆ ಎಂಬುದನ್ನು ಮೊದಲು ನೋಡಬೇಕು.

ನಾಮನಿಕ್ಷೇಪ ಮತ್ತು ದೀಕ್ಷಾನಾಮ

ಜೈನ ದರ್ಶನವು ಹೆಸರಿನ ಬಗ್ಗೆ ಭಾವುಕವಾಗಿಲ್ಲ. ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯವು ವಸ್ತುವನ್ನು ಗ್ರಹಿಸುವ ನಾಲ್ಕು ನಿಕ್ಷೇಪಗಳನ್ನು ಹೇಳುತ್ತದೆ: ನಾಮ, ಸ್ಥಾಪನಾ, ದ್ರವ್ಯ, ಭಾವ. ಗುಣವನ್ನು ಅಪೇಕ್ಷಿಸದೆ ವ್ಯವಹಾರಕ್ಕಾಗಿ ಇಟ್ಟ ಸಂಜ್ಞೆ ನಾಮನಿಕ್ಷೇಪ. ಇಂದ್ರನೆಂದು ಹೆಸರಿಟ್ಟ ಮಾತ್ರಕ್ಕೆ ಮಗು ದೇವೇಂದ್ರನಾಗದು. ಪಂಚನಮಸ್ಕಾರ ಮಂತ್ರದಲ್ಲಿಯೂ ಯಾವೊಬ್ಬ ವ್ಯಕ್ತಿಯ ಹೆಸರಿಲ್ಲ. ಅಲ್ಲಿರುವುದು ಅರ್ಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧು ಎಂಬ ಪದವಿಗಳು. ಆದರೆ ಇದೇ ಪರಂಪರೆಯಲ್ಲಿ ಜಿನಸೇನಾಚಾರ್ಯರು ಆದಿಪುರಾಣದೊಳಗೆ ಜಿನಸಹಸ್ರನಾಮವನ್ನು ರಚಿಸಿದರು. ಹೆಸರು ಗುಣವನ್ನು ಹುಟ್ಟಿಸದು. ಗುಣವನ್ನು ನೆನಪಿಗೆ ತರಬಲ್ಲದು ಎಂಬ ವಿವೇಕ ಈ ಎರಡರ ನಡುವೆ ಇದೆ.

ದೀಕ್ಷೆಯ ಸಂದರ್ಭದಲ್ಲಿ ಹೆಸರು ಬದಲಾಗುವುದೂ ಇದೇ ಕಾರಣಕ್ಕೆ. ನಂದಿಸಂಘದ ಮುನಿಗಳಿಗೆ ನಂದಿ, ಚಂದ್ರ, ಕೀರ್ತಿ, ಭೂಷಣ ಎಂಬ ಅಂತ್ಯಗಳೂ ಸೇನಸಂಘದವರಿಗೆ ಸೇನ, ಭದ್ರ, ರಾಜ, ವೀರ ಎಂಬ ಅಂತ್ಯಗಳೂ ಸಲ್ಲುತ್ತವೆಂದು ಪಟ್ಟಾವಳಿಗಳು ಹೇಳುತ್ತವೆ. ವೀರಸೇನ, ಜಿನಸೇನ, ಗುಣಭದ್ರ ಎಂಬ ಗುರುಶಿಷ್ಯ ಸರಣಿಯನ್ನು ಓದಿದೊಡನೆ ಸಂಘವಾವುದೆಂದು ತಿಳಿಯುತ್ತದೆ. ಪೂಜ್ಯಪಾದರ ಮೊದಲ ಹೆಸರು ದೇವನಂದಿ. ಬುದ್ಧಿಯ ಹಿರಿಮೆಯಿಂದ ಜಿನೇಂದ್ರಬುದ್ಧಿ, ಪಾದಪೂಜೆಯ ಗೌರವದಿಂದ ಪೂಜ್ಯಪಾದ ಎಂದಾಯಿತೆಂದು ಶ್ರವಣಬೆಳಗೊಳದ ಶಾಸನ ವಿವರಿಸುತ್ತದೆ. ಪೂಜ್ಯಪಾದರ ಸ್ಮರಣೆಯನ್ನು ಉಳಿಸಿಕೊಂಡಿರುವ ಮಲೆಯೂರಿನ ಕನಕಗಿರಿಯು ಇದೇ ಚಾಮರಾಜನಗರ ಜಿಲ್ಲೆಯಲ್ಲಿದೆ. ಅಲ್ಲಿನ ಮಠದ ಪೀಠಾಧಿಪತಿಗಳಿಗೆ ಭುವನಕೀರ್ತಿ ಎಂಬುದು ಪೀಠನಾಮ. ಶ್ರವಣಬೆಳಗೊಳದಲ್ಲಿ ಚಾರುಕೀರ್ತಿ, ಕಾರ್ಕಳದಲ್ಲಿ ಲಲಿತಕೀರ್ತಿ, ಹೊಂಬುಜದಲ್ಲಿ ದೇವೇಂದ್ರಕೀರ್ತಿ ಎಂಬಂತೆ ವ್ಯಕ್ತಿ ಬದಲಾದರೂ ಹೆಸರು ಬದಲಾಗದು. ಇಪ್ಪತ್ತನೆಯ ಶತಮಾನದಲ್ಲಿ ಭೋಜ ಗ್ರಾಮದ ಸಾತಗೌಡರು ದೀಕ್ಷೆಯಿಂದ ಆಚಾರ್ಯ ಶಾಂತಿಸಾಗರರಾದರು. ಅವರ ಪರಂಪರೆಯಲ್ಲಿ ‘ಸಾಗರ’ ಎಂಬ ಅಂತ್ಯ ಮುಂದುವರಿಯಿತು; ಸದಲಗಾದ ವಿದ್ಯಾಧರರು ಆಚಾರ್ಯ ವಿದ್ಯಾಸಾಗರರಾದುದು ಅದೇ ಸರಣಿಯಲ್ಲಿ. ಇಲ್ಲೆಲ್ಲ ಹಳೆಯ ಹೆಸರನ್ನು ಬಿಡುವವನು ತಾನಾಗಿ ಬಿಡುತ್ತಾನೆ. ಹೊಸ ಹೆಸರನ್ನು ಕೊಡುವವರು ಅವನು ತಾನೇ ಒಪ್ಪಿಕೊಂಡ ಗುರುಗಳು. ಈ ಎರಡು ಸಂಗತಿಗಳು ಮುಂದಿನ ವಿವೇಚನೆಗೆ ಮುಖ್ಯ.

ಅರ್ಥವನ್ನು ಉಳಿಸಿಕೊಂಡ ಅನುವಾದ

ಟಿಬೆಟನ್ ಹೆಸರುಗಳು ಕನ್ನಡದ ಕಿವಿಗೆ ದೂರದವೆನಿಸಿದರೂ ಅವುಗಳ ಒಳಗಿರುವುದು ಬಹುಮಟ್ಟಿಗೆ ಭಾರತೀಯ ಅರ್ಥಲೋಕ. ಎಂಟನೆಯ ಶತಮಾನದಲ್ಲಿ ಶಾಂತರಕ್ಷಿತರು ಸಮ್ಯೆ ವಿಹಾರದಲ್ಲಿ ಟಿಬೆಟನ್ನರಿಗೆ ಮೊದಲ ಭಿಕ್ಷುದೀಕ್ಷೆ ಕೊಟ್ಟಾಗ ದೀಕ್ಷಾನಾಮದ ಪದ್ಧತಿಯೂ ಅಲ್ಲಿಗೆ ಹೋಯಿತು. ಬಾ ಸೆಲ್‌ನಾಂಗ್ ಎಂಬ ಗಣ್ಯನು ಯೇಶೆ ವಾಂಗ್‌ಪೊ, ಅಂದರೆ ಜ್ಞಾನೇಂದ್ರ, ಎನಿಸಿಕೊಂಡನು. ಒಂಬತ್ತನೆಯ ಶತಮಾನದ ಆದಿಯಲ್ಲಿ ರಾಜಾಶ್ರಯದಲ್ಲಿ ಸಿದ್ಧವಾದ ಸಂಸ್ಕೃತ–ಟಿಬೆಟನ್ ಕೋಶ ಮಹಾವ್ಯುತ್ಪತ್ತಿಯು ಅನುವಾದಕ್ಕೆ ಒಂದು ಶಿಸ್ತನ್ನು ತಂದಿತು. ಶಬ್ದಗಳನ್ನು ಧ್ವನಿಯಲ್ಲಿ ಎರವಲು ಪಡೆಯುವುದಕ್ಕಿಂತ ಅರ್ಥದಲ್ಲಿ ಕಟ್ಟಿಕೊಳ್ಳುವುದು ಅಲ್ಲಿನ ಪ್ರಧಾನ ಮಾರ್ಗವಾಯಿತು.

ಅದರ ಫಲವನ್ನು ಒಡೆಯರಪಾಳ್ಯದ ಯಾವ ಮನೆಯಲ್ಲಿಯೂ ಕಾಣಬಹುದು. ದೋಲ್ಮಾ ಎಂದರೆ ತಾರಾ. ಯಾಂಗ್‌ಚೆನ್ ಎಂದರೆ ಸರಸ್ವತಿ. ದೋರ್ಜೆ ಎಂದರೆ ವಜ್ರ. ಸೋನಂ ಎಂದರೆ ಪುಣ್ಯ. ಲೊಬ್ಸಾಂಗ್ ಎಂದರೆ ಸುಮತಿ. ಕುಂಗಾ ಎಂದರೆ ಆನಂದ. ನಮ್‌ಗ್ಯಾಲ್ ಎಂದರೆ ವಿಜಯ. ತಾಶಿ ಎಂದರೆ ಮಂಗಳ. ತ್ಸೆರಿಂಗ್ ಎಂದರೆ ದೀರ್ಘಾಯು. ಪೆಮಾ ಎಂಬುದು ಮಾತ್ರ ಪದ್ಮ ಶಬ್ದದ ನೇರ ರೂಪಾಂತರ. ಕನ್ನಡದಲ್ಲಿ ಪದ್ಮವು ಪದುಮವಾಗಿ ಪದುಮಣ್ಣನೆಂಬ ಹೆಸರಾದಂತೆ, ಪಾರ್ಶ್ವವು ಪಾರಿಸವಾಗಿ ಪಾರಿಸಣ್ಣನಾದಂತೆ, ಅಲ್ಲಿ ಅದು ಪೆಮಾ ಆಯಿತು. ಭಾಷೆಯು ತನ್ನ ನಾಲಗೆಗೆ ತಕ್ಕಂತೆ ಪವಿತ್ರ ಶಬ್ದವನ್ನು ತಿದ್ದಿಕೊಂಡರೆ ಅದು ತದ್ಭವ. ಅರ್ಥವನ್ನು ಹಿಡಿದು ಹೊಸ ಶಬ್ದ ಕಟ್ಟಿದರೆ ಅದು ಅನುವಾದ. ಎರಡರಲ್ಲಿಯೂ ಹೆಸರು ಬದಲಾಗುತ್ತದೆ, ಶ್ರದ್ಧೆಗೆ ಲೋಪ ಬರುವುದಿಲ್ಲ.

ತೆನ್‌ಜಿನ್ ಎಂಬ ಹೆಸರು ವಿಶೇಷ ಗಮನಕ್ಕೆ ಅರ್ಹ. ‘ತೆನ್’ ಎಂದರೆ ಶಾಸನ, ಬುದ್ಧೋಪದೇಶ. ‘ಜಿನ್’ ಎಂದರೆ ಧರಿಸಿದವನು. ಜಿನಶಾಸನ, ಶಾಸನದೇವತೆ ಎಂಬ ಪ್ರಯೋಗಗಳಲ್ಲಿ ‘ಶಾಸನ’ಕ್ಕೆ ಯಾವ ಅರ್ಥವಿದೆಯೋ ಅದೇ ಅರ್ಥದಲ್ಲಿ ತೆನ್‌ಜಿನ್ ಎಂದರೆ ಶಾಸನಧರ. 1935ರಲ್ಲಿ ಅಮ್ಡೊ ಪ್ರಾಂತದ ರೈತಕುಟುಂಬದಲ್ಲಿ ಲ್ಹಾಮೊ ಧೊಂಡುಪ್ ಆಗಿ ಹುಟ್ಟಿದ ಬಾಲಕ ಹದಿನಾಲ್ಕನೆಯ ದಲೈ ಲಾಮಾ ಆಗಿ ತೆನ್‌ಜಿನ್ ಗ್ಯಾತ್ಸೊ ಎನಿಸಿಕೊಂಡರು. ಗ್ಯಾತ್ಸೊ ಎಂದರೆ ಸಾಗರ. ‘ದಲೈ’ ಎಂಬುದು ಅದೇ ಅರ್ಥದ ಮಂಗೋಲ್ ಶಬ್ದ, 1578ರಲ್ಲಿ ಅಲ್ತಾನ್ ಖಾನನು ಸೋನಂ ಗ್ಯಾತ್ಸೊ ಅವರಿಗೆ ಕೊಟ್ಟ ಬಿರುದಿನ ಅಂಶ. ಮಗು ಹುಟ್ಟಿದಾಗ ತಂದೆತಾಯಿ ಲಾಮಾ ಒಬ್ಬರಿಂದ ಹೆಸರು ಬೇಡುವುದು ಟಿಬೆಟನ್ ರೂಢಿ. ಹೆಸರು ಕೊಡುವ ಗುರುವು ಸಾಮಾನ್ಯವಾಗಿ ತನ್ನ ಹೆಸರಿನ ಒಂದು ಭಾಗವನ್ನು ಸೇರಿಸಿ ಹರಸುತ್ತಾನೆ. ಗಡಿಪಾರಿನ ತಲೆಮಾರುಗಳಲ್ಲಿ ತೆನ್‌ಜಿನ್ ಎಂಬ ಹೆಸರು ಇಷ್ಟು ವ್ಯಾಪಕವಾಗಿರುವುದು ಈ ಕಾರಣದಿಂದ. ತರಗತಿಯೊಂದರಲ್ಲಿ ಹಲವು ತೆನ್‌ಜಿನ್‌ಗಳಿದ್ದರೆ ಹೊರಗಿನವರಿಗೆ ಗೊಂದಲ. ಒಳಗಿನವರಿಗೆ ಅದು ಒಂದೇ ಗುರುವಿನ ಆಶೀರ್ವಾದದ ಗುರುತು.

ಗುರುದತ್ತ ಹೆಸರುಗಳ ಜೊತೆಗೆ ಲೌಕಿಕ ನಂಬಿಕೆಯ ಹೆಸರುಗಳೂ ಇವೆ. ನೀಮಾ, ದಾವಾ, ಮಿಗ್ಮಾರ್, ಲ್ಹಾಕ್ಪಾ, ಫುರ್ಬು, ಪಾಸಾಂಗ್, ಪೆನ್ಪಾ ಎಂಬವು ರವಿಯಿಂದ ಶನಿಯವರೆಗಿನ ವಾರಗ್ರಹಗಳು. ಹುಟ್ಟಿದ ವಾರವೇ ಹೆಸರು. ಹೆಣ್ಣುಮಕ್ಕಳು ಸಾಲಾಗಿ ಹುಟ್ಟಿದಾಗ ಗಂಡುಮಗುವನ್ನು ಕರೆತರುವವಳೆಂಬ ಅರ್ಥದಲ್ಲಿ ಭುತಿ ಎನ್ನುತ್ತಾರೆ. ಮಕ್ಕಳು ಇನ್ನು ಸಾಕೆಂಬ ಇಂಗಿತಕ್ಕೆ ತ್ಸಂಚೊ ಎನ್ನುತ್ತಾರೆ. ಕನ್ನಡನಾಡಿನ ಸಾಕಮ್ಮನ ಹೆಸರಿನ ಹಿಂದಿರುವ ಭಾವವೂ ಇದೇ. ಮಕ್ಕಳು ಉಳಿಯದ ಮನೆಯಲ್ಲಿ ದೃಷ್ಟಿ ತಾಗದಿರಲೆಂದು ತಿಪ್ಪ, ಗುಂಡ, ಕಲ್ಲ ಎಂದು ಕರೆಯುವ ಪದ್ಧತಿಗೆ ಸಮಾನವಾಗಿ ಅಲ್ಲಿಯೂ ಹೇಸಿಗೆಯ ಹೆಸರುಗಳಿವೆ. ಕಾಯಿಲೆ ಬಿದ್ದಾಗ ಲಾಮಾನಿಂದ ಹೊಸ ಹೆಸರು ಪಡೆಯುವುದೂ ಉಂಟು.

ಬಿಟ್ಟಿದೇವನ ಹೆಸರು

ಹೆಸರಿನ ಬದಲಾವಣೆಯನ್ನು ಧರ್ಮದ ಬದಲಾವಣೆಗೆ ಸಮನಾಗಿ ಓದುವ ಅಭ್ಯಾಸ ಕರ್ನಾಟಕದ ಚರಿತ್ರೆಗೂ ಹೊಸದಲ್ಲ. ಹೊಯ್ಸಳ ಬಿಟ್ಟಿದೇವನು ಜೈನನಾಗಿದ್ದು ರಾಮಾನುಜರ ಪ್ರಭಾವದಿಂದ ವೈಷ್ಣವನಾಗಿ ವಿಷ್ಣುವರ್ಧನನೆಂಬ ಹೆಸರು ತಾಳಿದನೆಂದು ಶ್ರೀವೈಷ್ಣವ ಸಂಪ್ರದಾಯ ಹೇಳುತ್ತದೆ. ಆದರೆ ‘ಬಿಟ್ಟಿ’ ಎಂಬುದೇ ‘ವಿಷ್ಣು’ ಶಬ್ದದ ತದ್ಭವವೆಂದು ವಿದ್ವಾಂಸರು ತೋರಿಸಿದ್ದಾರೆ. ಹಾಗಿದ್ದರೆ ಒಂದು ತದ್ಭವ ರೂಪದಿಂದ ತತ್ಸಮ ರೂಪಕ್ಕೆ ಆದ ಬದಲಾವಣೆಯ ಮೇಲೆ ಮತಾಂತರದ ಇಡೀ ಕಥೆಯನ್ನು ನಿಲ್ಲಿಸುವುದು ಕಷ್ಟ. ಅವನ ರಾಣಿ ಶಾಂತಲೆ ಜಿನಭಕ್ತೆಯಾಗಿದ್ದು ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ದಂಡನಾಯಕ ಗಂಗರಾಜನು ಜಿನಧರ್ಮದ ಮಹಾಪೋಷಕನಾಗಿ ಉಳಿದನು. ಇನ್ನೊಬ್ಬ ದಂಡನಾಯಕ ಪುಣಿಸನು 1117ರಲ್ಲಿ ಇಂದಿನ ಚಾಮರಾಜನಗರದಲ್ಲಿ ಬಸದಿಯನ್ನು ನಿರ್ಮಿಸಿದನು. ಆ ಊರಿಗೂ ಆಗ ಅರಿಕುಠಾರವೆಂಬ ಹೆಸರಿತ್ತು. 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆ ಈಗಿನ ಹೆಸರನ್ನಿಟ್ಟರು.

ಹಳೇಬೀಡಿನ 1133ರ ಶಾಸನವೊಂದು ಈ ವಿಷಯದಲ್ಲಿ ಹೆಚ್ಚು ಮಾತಾಡುತ್ತದೆ. ಗಂಗರಾಜನ ಮಗ ಬೊಪ್ಪನು ತಂದೆಯ ಸ್ಮರಣೆಗೆ ಕಟ್ಟಿಸಿದ ಜಿನಾಲಯದಲ್ಲಿ ಪಾರ್ಶ್ವನಾಥನ ಪ್ರತಿಷ್ಠೆ ನಡೆಯಿತು. ಅದರ ಪ್ರಸಾದವನ್ನು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ಒಯ್ದರು. ಯುದ್ಧದಲ್ಲಿ ಜಯವೂ ಪುತ್ರಜನನವೂ ಕೂಡಿಬಂದ ಆ ಗಳಿಗೆಯಲ್ಲಿ ಅರಸನು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ವೈಷ್ಣವನೆನಿಸಿದ ಅರಸನ ಮಗನ ಹೆಸರೂ ಜಿನಬಿಂಬದ ಹೆಸರೂ ‘ವಿಜಯ’ ಎಂಬ ಒಂದೇ ಪದವನ್ನು ಹಂಚಿಕೊಂಡವು. ಹೆಸರಿಡುವಿಕೆ ಧರ್ಮಗಳ ನಡುವೆ ಸೇತುವಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ವಿರಳ. ಮುಂದೆ ಜೈನರ ಸ್ಥಿತಿ ಇಕ್ಕಟ್ಟಾಯಿತು. 1368ರಲ್ಲಿ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ತೀರ್ಪು ಕೊಡಬೇಕಾಗಿ ಬಂತು. ಆ ಶಾಸನದಲ್ಲಿಯೂ ಭವ್ಯರು, ಭಕ್ತರು ಎಂಬ ಆಯಾ ಸಮುದಾಯಗಳ ಸ್ವನಾಮಗಳು ಉಳಿದಿವೆ. ಎರಡೂ ಪಕ್ಷಗಳನ್ನು ಅವರವರ ಹೆಸರಿನಿಂದ ಕರೆದು ರಾಜಿ ಮಾಡಿಸಿದ್ದು ಆ ತೀರ್ಪಿನ ದೊಡ್ಡಗುಣ.

ಧ್ವನಿ ಉಳಿದು ಅರ್ಥ ಹೋದಾಗ

ಇಪ್ಪತ್ತನೆಯ ಶತಮಾನದ ರಾಷ್ಟ್ರಪ್ರಭುತ್ವಗಳು ಈ ವಿವೇಕವನ್ನು ಅನೇಕ ಕಡೆ ಕೈಬಿಟ್ಟವು. ಜಪಾನಿನ ವಸಾಹತು ಆಡಳಿತವು 1940ರಿಂದ ಕೊರಿಯನ್ನರ ಮೇಲೆ ಜಪಾನೀ ಮಾದರಿಯ ಕುಲನಾಮಗಳನ್ನು ಹೇರಿತು. ಬಲ್ಗೇರಿಯಾದ ಕಮ್ಯುನಿಸ್ಟ್ ಸರ್ಕಾರವು 1984–85ರ ಚಳಿಗಾಲದಲ್ಲಿ ತುರ್ಕಿ ಮೂಲದ ಮುಸಲ್ಮಾನರ ಹೆಸರುಗಳನ್ನು ಬಲವಂತದಿಂದ ಸ್ಲಾವ್ ಹೆಸರುಗಳಾಗಿ ಮಾರ್ಪಡಿಸಿತು. ಭಾರ ಎತ್ತುವ ಕ್ರೀಡೆಯಲ್ಲಿ ಲೋಕಪ್ರಸಿದ್ಧನಾದ ನಯೀಮ್ ಸುಲೇಮಾನೊವ್‌ನನ್ನು ನಾವುಮ್ ಶಾಲಮಾನೊವ್ ಎಂದು ಮಾಡಲಾಯಿತು. ಅವನು 1986ರಲ್ಲಿ ದೇಶ ತೊರೆದು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ತುರ್ಕಿಯ ಪರವಾಗಿ ನಯೀಮ್ ಸುಲೇಮಾನೊಗ್ಲು ಎಂಬ ಹೆಸರಿನಲ್ಲಿ ಚಿನ್ನ ಗೆದ್ದನು.

ಟಿಬೆಟ್‌ನಲ್ಲಿ ನಡೆದಿರುವುದು ಇಷ್ಟು ನೇರವಾದುದಲ್ಲ. ಅಲ್ಲಿ ಹೆಸರುಗಳ ಧ್ವನಿಯನ್ನು ಹತ್ತಿರ ಹತ್ತಿರವಾಗಿ ಉಳಿಸಿ ಚೀನೀ ಚಿತ್ರಾಕ್ಷರಗಳಿಗೆ ಒಗ್ಗಿಸಲಾಗುತ್ತದೆ. ತಾಶಿ ‘ಝಾಶಿ’ ಆಗುತ್ತಾನೆ; ತೆನ್‌ಜಿನ್ ‘ದಾನ್‌ಜೆಂಗ್’ ಆಗುತ್ತಾನೆ; ದೋಲ್ಮಾ ‘ಝುವೊಮಾ’ ಆಗುತ್ತಾಳೆ. ಚೀನೀ ಲಿಪಿಯಲ್ಲಿ ಪ್ರತಿ ಅಕ್ಷರಕ್ಕೂ ತನ್ನದೇ ಅರ್ಥವಿರುವುದರಿಂದ ಮಂಗಳವೆಂಬ ಹೆಸರು ‘ಚುಚ್ಚು’ ಮತ್ತು ‘ಪಶ್ಚಿಮ’ ಎಂಬ ಎರಡು ಅಕ್ಷರಗಳಾಗಿ ನಿಲ್ಲುತ್ತದೆ. ಶಾಸನಧರನೆಂಬ ಹೆಸರು ‘ಕೆಂಪು’ ಮತ್ತು ‘ಹೆಚ್ಚಳ’ವಾಗುತ್ತದೆ. ಲಿಪ್ಯಂತರ ಮಾತ್ರದಿಂದ ಯಾವ ಹೆಸರೂ ಸಾಯದು. ಕನ್ನಡವೂ ಪರಭಾಷೆಯ ಹೆಸರುಗಳನ್ನು ತನ್ನ ಲಿಪಿಯಲ್ಲಿಯೇ ಬರೆಯುತ್ತದೆ. ಟಿಬೆಟ್ ಸ್ವಾಯತ್ತ ಪ್ರದೇಶದ ಗುರುತಿನ ಚೀಟಿಗಳಲ್ಲಿ ಟಿಬೆಟನ್ ಲಿಪಿಯೂ ಇರುತ್ತದೆ. ಆದರೆ ಶಿಕ್ಷಣ, ಉದ್ಯೋಗ, ಪ್ರಯಾಣಗಳ ದಾಖಲೆಗೆ ಆಧಾರವಾಗುವುದು ಚೀನೀ ರೂಪವೇ ಆದಾಗ, ಮಗು ತನ್ನ ಹೆಸರನ್ನು ಮೊದಲು ಓದಲು ಕಲಿಯುವುದು ಅದರ ಅರ್ಥವಿಲ್ಲದ ರೂಪದಲ್ಲಿ. ಒಂಬತ್ತನೆಯ ಶತಮಾನದ ಟಿಬೆಟನ್ ಅನುವಾದಕರು ಧ್ವನಿಯನ್ನು ಬಿಟ್ಟು ಅರ್ಥವನ್ನು ಹಿಡಿದರು; ಆಧುನಿಕ ದಫ್ತರವು ಧ್ವನಿಯ ನೆರಳನ್ನು ಹಿಡಿದು ಅರ್ಥವನ್ನು ಬಿಟ್ಟಿತು. ನೆರೆಯ ಶಿನ್‌ಜಿಯಾಂಗ್‌ನಲ್ಲಿ 2017ರಲ್ಲಿ ಉಯ್ಗುರ್ ಶಿಶುಗಳಿಗೆ ಇಸ್ಲಾಂ, ಮಕ್ಕಾ, ಇಮಾಮ್ ಮೊದಲಾದ ಧಾರ್ಮಿಕ ಹೆಸರುಗಳನ್ನು ಇಡದಂತೆ ನಿರ್ಬಂಧಿಸಿದ ವರದಿಗಳು ಬಂದವು. 2023ರಿಂದ ಚೀನಾ ಸರ್ಕಾರವು ತನ್ನ ಇಂಗ್ಲಿಷ್ ಪ್ರಕಟಣೆಗಳಲ್ಲಿಯೂ ಟಿಬೆಟ್ ಎಂಬ ಹೆಸರಿನ ಸ್ಥಾನದಲ್ಲಿ ‘ಷಿಜಾಂಗ್’ ಎಂಬ ಚೀನೀ ರೂಪವನ್ನು ಬಳಸತೊಡಗಿತು. ಅಲ್ಲಿನ ಜನ ತಮ್ಮ ನಾಡನ್ನು ಕರೆಯುವುದು ‘ಬೋದ್’ ಎಂದು. ಸಂಸ್ಕೃತದ ‘ಭೋಟ’ ಅದರ ಬಂಧು.

ಹೆಸರಿಡುವ ಹಕ್ಕಿನ ಮೇಲಿನ ಈ ಹಿಡಿತ ಪುನರ್ಜನ್ಮದ ಗುರುತಿಸುವಿಕೆಯಲ್ಲಿ ಅತ್ಯಂತ ತೀವ್ರವಾಗಿದೆ. 1995ರ ಮೇ ತಿಂಗಳಿನಲ್ಲಿ ದಲೈ ಲಾಮಾ ಅವರು ಗೆಧುನ್ ಚೋಕಿ ನೀಮಾ ಎಂಬ ಆರು ವರ್ಷದ ಬಾಲಕನನ್ನು ಹನ್ನೊಂದನೆಯ ಪಂಚೆನ್ ಲಾಮಾ ಎಂದು ಘೋಷಿಸಿದರು. ಕೆಲವೇ ದಿನಗಳಲ್ಲಿ ಬಾಲಕನನ್ನು ಚೀನೀ ಅಧಿಕಾರಿಗಳು ವಶಕ್ಕೆ ಪಡೆದರು. ಅನಂತರ ಅವನು ಸಾರ್ವಜನಿಕವಾಗಿ ಕಾಣಿಸಿಕೊಂಡಿಲ್ಲ. ಅದೇ ವರ್ಷದ ಕೊನೆಗೆ ಸರ್ಕಾರವು ಬೇರೊಬ್ಬ ಬಾಲಕನನ್ನು ಅದೇ ಪದವಿಯ ಹೆಸರಿನಿಂದ ಪೀಠಕ್ಕೇರಿಸಿತು. 2007ರ ಆದೇಶವೊಂದು ಪುನರ್ಜನ್ಮಗಳ ಮಾನ್ಯತೆಗೆ ಸರ್ಕಾರದ ಅನುಮತಿಯನ್ನು ಕಡ್ಡಾಯ ಮಾಡಿತು. ತಮ್ಮ ಉತ್ತರಾಧಿಕಾರಿಯನ್ನು ಗುರುತಿಸುವ ಅಧಿಕಾರ ಗಾದೆನ್ ಫೊದ್ರಾಂಗ್ ಟ್ರಸ್ಟಿಗೆ ಮಾತ್ರ ಸೇರಿದ್ದೆಂದು ದಲೈ ಲಾಮಾ ಅವರು 2025ರ ಜುಲೈನಲ್ಲಿ ಸ್ಪಷ್ಟಪಡಿಸಿದರು. ಭುವನಕೀರ್ತಿ ಅಥವಾ ಚಾರುಕೀರ್ತಿ ಎಂಬ ಪೀಠನಾಮವನ್ನು ಸಂಘದ ಬದಲು ಜಿಲ್ಲಾ ಕಚೇರಿಯೊಂದು ಕೊಡತೊಡಗಿದರೆ ಏನಾಗಬಹುದೆಂದು ಊಹಿಸಿದರೆ ಈ ವಿವಾದದ ತಿರುಳು ತಿಳಿಯುತ್ತದೆ.

ಅರ್ಜಿಯ ಕಾಲಂಗಳ ನಡುವೆ

ಒಡೆಯರಪಾಳ್ಯದ ಟಿಬೆಟನ್ನರ ಮೇಲೆ ಇಂಥ ಬಲವಂತವಿಲ್ಲ. ಕಂ ಪ್ರಾಂತದಲ್ಲಿ ಹದಿನೇಳನೆಯ ಶತಮಾನದ ಕೊನೆಗೆ ಸ್ಥಾಪನೆಗೊಂಡು 1959ರಲ್ಲಿ ಹಾಳಾದ ಜೊಗ್‌ಚೆನ್ ಮಠವು ಈ ನೆಲೆಯಲ್ಲಿ ಅದೇ ಹೆಸರಿನಿಂದ ಮತ್ತೆ ಎದ್ದು ನಿಂತಿತು. 1992ರಲ್ಲಿ ದಲೈ ಲಾಮಾ ಅವರೇ ಅದನ್ನು ಉದ್ಘಾಟಿಸಿದರು. ಕರ್ನಾಟಕದ ನೆಲ ಆ ಹೆಸರಿಗೆ ಎರಡನೆಯ ಬದುಕು ಕೊಟ್ಟಿತು. ಇಲ್ಲಿರುವ ಒತ್ತಡ ಬೇರೆ ಬಗೆಯದು, ಮೆದುವಾದುದು. ಟಿಬೆಟನ್ ಹೆಸರಿಗೆ ಸಾಮಾನ್ಯವಾಗಿ ಕುಲನಾಮವಿಲ್ಲ. ತಂದೆ ಸೋನಂ ದೋರ್ಜೆ, ತಾಯಿ ಪೆಮಾ ಲ್ಹಾಮೊ, ಮಗಳು ತೆನ್‌ಜಿನ್ ಯಾಂಗ್‌ಚೆನ್ ಎಂದಿರಬಹುದು. ಮೂವರ ನಡುವೆ ಹೆಸರಿನ ಹಂಚಿಕೆಯೇ ಇರದು. ಮೊದಲ ಹೆಸರು, ಕೊನೆಯ ಹೆಸರು ಎಂದು ಕೇಳುವ ಅರ್ಜಿಯಲ್ಲಿ ಗುರುವಿನ ಆಶೀರ್ವಾದದ ಒಂದು ಭಾಗ ಅನಿವಾರ್ಯವಾಗಿ ಮನೆತನದ ಹೆಸರಾಗಿಬಿಡುತ್ತದೆ. ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಹೊತ್ತು ಬಂದ ದಕ್ಷಿಣದವರಿಗೆ ಈ ಇಕ್ಕಟ್ಟು ತಿಳಿಯದ್ದೇನಲ್ಲ. ಜೈನರಲ್ಲಿ ಇಂದ್ರ, ಬಲ್ಲಾಳ, ಹೆಗ್ಗಡೆ, ಉಪಾಧ್ಯೆ ಮೊದಲಾದ ವೃತ್ತಿ–ಪದವಿಸೂಚಕ ಹೆಸರುಗಳಿದ್ದಲ್ಲಿ ‘ಜೈನ್’ ಎಂಬ ಏಕರೂಪದ ಉಪನಾಮ ಹರಡಿದ್ದರ ಹಿಂದೆಯೂ ಇಂಥದೇ ಒತ್ತಡವಿದೆ. ಜನಗಣತಿಯಲ್ಲಿ ಪ್ರತ್ಯೇಕವಾಗಿ ಗುರುತಾಗಬೇಕೆಂಬ ಕಾಳಜಿ ಅದಕ್ಕೆ ಬಲ ಕೊಟ್ಟಿತು. ಸಮುದಾಯದ ಹೆಸರು ಗಟ್ಟಿಯಾಯಿತು. ಮನೆತನಗಳ ಚರಿತ್ರೆ ಹೇಳುತ್ತಿದ್ದ ಹೆಸರುಗಳು ತೆಳುವಾದವು.

ಪೌರತ್ವದ ಪ್ರಶ್ನೆಯೂ ಇದರೊಡನೆ ಹೆಣೆದುಕೊಂಡಿದೆ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಜನ್ಮತಃ ಭಾರತೀಯ ಪ್ರಜೆಗಳೆಂಬ ನಿಲುವನ್ನು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲಿಯೂ ಕರ್ನಾಟಕ ಉಚ್ಚ ನ್ಯಾಯಾಲಯ 2013ರಲ್ಲಿಯೂ ಎತ್ತಿಹಿಡಿದವು. ಹಕ್ಕು ದೊರೆತರೂ ಅದನ್ನು ಬಳಸಬೇಕೆ ಎಂಬುದು ಸಮುದಾಯದೊಳಗೆ ಚರ್ಚೆಯ ವಿಷಯ. ನಿರಾಶ್ರಿತರೆಂ‌ಬ ಗುರುತೇ ನಾಡಿಗೆ ಮರಳುವ ಆಸೆಯ ಆಧಾರವೆಂದು ಹಿರಿಯರಲ್ಲಿ ಹಲವರ ಭಾವನೆ. ಉದ್ಯೋಗ, ಪ್ರಯಾಣ, ಆಸ್ತಿಗಳ ಬದುಕು ಯುವಕರ ಮುಂದಿದೆ. ಪೌರತ್ವ ಬಂದರೂ ತೆನ್‌ಜಿನ್ ತೆನ್‌ಜಿನ್ನನಾಗಿಯೇ ಉಳಿಯಬಹುದು. ಆದರೆ ಆ ಹೆಸರನ್ನು ಕೊಟ್ಟವರಾರು, ಅದರ ಅರ್ಥವೇನು ಎಂಬುದನ್ನು ಮುಂದಿನ ತಲೆಮಾರಿಗೆ ಹೇಳುವ ಭಾಷೆ ಉಳಿದಿರಬೇಕು.

ನಾಮನಿಕ್ಷೇಪದ ತತ್ತ್ವ ಇಲ್ಲಿ ಮತ್ತೆ ನೆರವಿಗೆ ಬರುತ್ತದೆ. ಹೆಸರಿನಲ್ಲಿಯೇ ಪಾವಿತ್ರ್ಯವಿದೆಯೆಂದು ವಾದಿಸಬೇಕಾಗಿಲ್ಲ. ಸಾತಗೌಡರು ಶಾಂತಿಸಾಗರರಾದಾಗ, ಲ್ಹಾಮೊ ಧೊಂಡುಪ್ ತೆನ್‌ಜಿನ್ ಗ್ಯಾತ್ಸೊ ಆದಾಗ, ತಾರಾ ದೋಲ್ಮಾ ಆದಾಗ ಹೆಸರುಗಳು ಬದಲಾದವು, ಯಾರಿಗೂ ಅನ್ಯಾಯವಾಗಲಿಲ್ಲ. ನಯೀಮನು ನಾವುಮನಾದಾಗ ಬದಲಾದದ್ದು ಒಂದೆರಡು ಅಕ್ಷರ; ಆದರೆ ಅನ್ಯಾಯ ಸಂಪೂರ್ಣ. ಆದ್ದರಿಂದ ಹೆಸರು ಎಷ್ಟು ಬದಲಾಯಿತು ಎಂಬುದಕ್ಕಿಂತ ಅದನ್ನು ಬದಲಿಸುವ ಅಧಿಕಾರ ಯಾರ ಕೈಯಲ್ಲಿತ್ತು, ಹೆಸರು ಹೊತ್ತವನ ಸಮ್ಮತಿ ಇತ್ತೇ, ಅರ್ಥದ ಎಳೆ ಉಳಿಯಿತೇ ಎಂಬುವೇ ವಿಚಾರಾರ್ಹ ಪ್ರಶ್ನೆಗಳು.

ಕರ್ನಾಟಕದ ನಿಸಿಧಿ ಶಾಸನಗಳು ಈ ದೃಷ್ಟಿಯಿಂದ ಸಂಶೋಧಕರಿಗೆ ಒಂದು ಮಾದರಿ. ಸಮಾಧಿಮರಣ ಹೊಂದಿದವರ ಹೆಸರನ್ನಷ್ಟೇ ಕೊರೆದು ಅವು ನಿಲ್ಲುವುದಿಲ್ಲ. ಗುರು ಯಾರು, ಸಂಘವಾವುದು, ಗಣವಾವುದು, ಕಲ್ಲು ನಿಲ್ಲಿಸಿದವರಾರು ಎಂಬುದನ್ನೂ ಬಹುತೇಕ ದಾಖಲಿಸುತ್ತವೆ. ಸಾವಿರ ವರ್ಷಗಳ ಮೇಲೂ ಆ ಹೆಸರುಗಳು ಅರ್ಥವಾಗುವುದು ಈ ಕಾರಣದಿಂದ. ಲೊಕ್ಕನಹಳ್ಳಿ ಸೀಮೆಯ ಮಾದಪ್ಪ, ಜಡೆಯ, ತೆನ್‌ಜಿನ್ ಎಂಬ ಹೆಸರುಗಳಿಗೂ ಇಂಥ ದಾಖಲೆ ಬೇಕು: ಯಾರು ಇಟ್ಟರು, ಯಾವ ಹರಕೆಗೆ, ಯಾವ ಅರ್ಥದಲ್ಲಿ ಎಂಬುದರ ಸಹಿತ. ಅಕ್ಷರಸಂಖ್ಯೆಯ ಹಳ್ಳಿಗಳಲ್ಲಿ ವಾಸಿಸುತ್ತಿರುವ ಹಿರಿಯ ತಲೆಮಾರು ಇರುವಾಗಲೇ ಆ ಕೆಲಸ ನಡೆದರೆ, ಅರ್ಥವುಳ್ಳ ನೆಲೆಯೆಂಬ ಹೆಸರು ಆ ಊರಿಗೆ ಅನ್ವರ್ಥವಾಗಿ ಉಳಿಯುತ್ತದೆ.